ಸ್ಟೆಪ್ಸ್ ಹೇಳಿ ಮಾವ

ತಾಳಮದ್ದಳೆಯ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನದ, ಒಂದು ನೋಟೀಸು ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಅರ್ಥಧಾರಿಗಳ ಹೆಸರು, ಹೊತ್ತು, ಕೊನೆಗೆ "ಊಟದ ವ್ಯವಸ್ಥೆ ಉಂಟು". ಅಷ್ಟೇ. ಕೈಯಲ್ಲಿ ಬರೆದಿದ್ದರೆ ಚಾ ಆರುವುದರೊಳಗೆ ಮುಗಿಯುತ್ತಿತ್ತು.

ಟೆಕ್ಸ್ಟ್ ಎಡಿಟರಿನಲ್ಲಿ ಕನ್ನಡ ಚೆನ್ನಾಗಿಯೇ ಬರುತ್ತಿರುತ್ತದೆ. ನಾನು ಕೀಬೋರ್ಡು ನೋಡಿ ಕುಟ್ಟುವವನು. ಸಾಲು ಮುಗಿಸಿ ತಲೆ ಎತ್ತಿದರೆ ಅರ್ಧ ಸಾಲು ಮಲಯಾಳ! ಅದೂ ಏನೇನೋ ಅಲ್ಲ, ಓದಿದರೆ ನಾನು ಬರೆದದ್ದೇ. ಇನ್‌ಸ್ಕ್ರಿಪ್ಟ್ ಕೀಲಿಮಣೆಯ ಗುಣ ಅದು. ಇಂಗ್ಲಿಷಿನ ಕೆ ಇರುವಲ್ಲಿ ಒತ್ತಿದರೆ ಕನ್ನಡದಲ್ಲೂ ಕ, ಮಲಯಾಳದಲ್ಲೂ ಕ. ಹಾಗಾಗಿ "ಆದರದ ಸ್ವಾಗತ" ಮಲಯಾಳದ ಅಂಗಿ ತೊಟ್ಟು ಕೂತಿತ್ತು. ಇದು ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ಇಡೀ ದಿನ ಇಲ್ಲ.

ತಂಗಿಯ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗಿನವನು. ಫೋನು ಮಾಡಿದೆ.

"ಸ್ಟೆಪ್ಸ್ ಹೇಳಿ ಮಾವ."

"ಎಂತ ಸ್ಟೆಪ್ಸ್? ಕೂತೆ, ಬರೆದೆ, ಮಲಯಾಳ ಬಂತು."

"ಹಾಗಲ್ಲ. ಎಂತ ಮಾಡಿದ್ರೆ ಬರ್ತದೆ?"

"ಅದು ಗೊತ್ತಿದ್ದರೆ ನಿನಗೆ ಯಾಕೆ ಫೋನು ಮಾರಾಯಾ?"

ಅವನು ಹಾಗೆಯೇ. ಅವನ ಅಮ್ಮನಿಗೆ ಮೊಣಕಾಲು ನೋವಾದಾಗಲೂ "ಯಾವ ಮೆಟ್ಟಿಲು, ಯಾವ ಕಾಲು ಮೊದಲು? ಇನ್ನೊಮ್ಮೆ ಹತ್ತಿ ತೋರಿಸು" ಅಂದಿದ್ದನಂತೆ. ಪಾಪ, ಅವಳು ಹತ್ತಿದ್ದಳು. ನೋವು ಬರಲಿಲ್ಲ. "ಹಾಗಾದ್ರೆ ಕ್ಲೋಸ್" ಅಂದನಂತೆ.

ನನಗೂ ವಿಡಿಯೋ ಕಾಲ್ ಆಯಿತು. ಹೆಂಡತಿ ಬೆನ್ನ ಹಿಂದೆ ಫೋನು ಹಿಡಿದು ನಿಂತಳು. ಒಂದು ಪುಟ ಕುಟ್ಟಿದೆ. ಅಚ್ಚ ಕನ್ನಡ! ತೋಟಕ್ಕೆ ಮದ್ದು ಬಿಡುವ ಪಂಪು ಮನೆಯಲ್ಲಿ ಕೆಮ್ಮಿ ಕೆಮ್ಮಿ ನಿಂತರೂ ಮೆಕ್ಯಾನಿಕ್ಕಿನ ಎದುರು ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದಲ್ಲ, ಥೇಟ್ ಹಾಗೆ. ಫೋನು ಇಟ್ಟು ಮೂರನೇ ಸಾಲಿಗೆ ಮಲಯಾಳ ಹಾಜರು.

"ಒಂದು ಪುಸ್ತಕದಲ್ಲಿ ಬರೆದಿಡಿ ಮಾವ. ಹೊತ್ತು, ಯಾವ ಶಬ್ದ ಬರೀತಾ ಇದ್ರಿ, ಸುತ್ತ ಎಂತ ಆಗ್ತಾ ಇತ್ತು, ಎಲ್ಲ."

ಬರೆದಿಟ್ಟೆ. "10:20. ಕುಂಬಳೆ. ಮಳೆ, ಚಾ. 11:05. ಮೇಳ. ಕರೆಂಟು ಹೋಗಿ ಬಂತು, ಚಾ. 4:10. ಮದ್ದಳೆ. ಅಡಿಕೆ ವ್ಯಾಪಾರಿ ಬಂದಿದ್ದ, ಅವನಿಗೂ ಚಾ." ಫೋಟೋ ಕಳಿಸಿದೆ. ಅಳಿಯ ಅದನ್ನು ಅರ್ಧ ತಾಸು ನೋಡಿ, "ಚಾ ಕಾಮನ್ ಉಂಟು ಮಾವ. ಒಂದು ದಿನ ಬಿಟ್ಟು ನೋಡಿ" ಅಂದ. ಬಿಟ್ಟೆ. ಇಡೀ ದಿನ ಒಂದು ಮಲಯಾಳ ಅಕ್ಷರ ಇಲ್ಲ. ಅವನಿಗೆ ಖುಷಿಯೋ ಖುಷಿ. ಚಾ ಇಲ್ಲದೆ ನಾನು ಒಂದು ಅಕ್ಷರವನ್ನೂ ಬರೆದಿರಲಿಲ್ಲ ಅಂತ ಹೇಳಲು ಮನಸ್ಸಾಗಲಿಲ್ಲ.

ಕೊನೆಗೆ ಹಿಡಿದವಳು ಹೆಂಡತಿ. ಹಲಸಿನ ಸೊಳೆ ಬಿಡಿಸುತ್ತಾ ಪುಸ್ತಕಕ್ಕೆ ಇಣುಕಿ, "ಎಲ್ಲದರಲ್ಲೂ ಳ ಉಂಟಲ್ಲ?" ಅಂದಳು.

ಹೌದಲ್ಲ! ಳ ಬೇಕಾದರೆ ಶಿಫ್ಟ್ ಹಿಡಿದು ಎನ್ ಒತ್ತಬೇಕು. ಎಡಗೈಯ ಕಿರುಬೆರಳು ಶಿಫ್ಟಿಗೆ ಹೋಗುವಾಗ ಹೆಬ್ಬೆರಳು ಸುಮ್ನೆ ಆಲ್ಟ್ ಮೇಲೆ ಒರಗುತ್ತದೆ. ಎನ್ ಎಲ್ಲಿ ಅಂತ ಹುಡುಕಿ, ಸಿಗದೆ ಕೈ ಬಿಟ್ಟರೆ ಮುಗಿಯಿತು. ಆಲ್ಟ್, ಶಿಫ್ಟ್ ಎರಡೂ ಒಟ್ಟಿಗೆ ಒತ್ತಿ ಬಿಟ್ಟರೆ ಭಾಷೆ ಬದಲಾಗುತ್ತದೆ. ಪಟ್ಟಿಯಲ್ಲಿ ಕನ್ನಡದ ನಂತರ ಮಲಯಾಳ. ಅಳಿಯನ ಎದುರು ಮಾತ್ರ ನಾನು ಪರೀಕ್ಷೆಗೆ ಕೂತವನ ಹಾಗೆ ಕೈ ನೆಟ್ಟಗಿಟ್ಟು ಕುಟ್ಟುತ್ತಿದ್ದೆ. ನಾಲ್ಕು ದಿನ ಎಡಿಟರಿಗೆ ಬೈದದ್ದೆಲ್ಲ ನನ್ನ ಹೆಬ್ಬೆರಳಿಗೆ ಸಲ್ಲಬೇಕಿತ್ತು.

ಆ ರಾತ್ರಿ ಯಾಕೋ ಅಜ್ಜ ನೆನಪಾದರು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅಜ್ಜ ಇದೇ ಜಗಲಿಯಲ್ಲಿ ಕೂತಿದ್ದವರು. ತೋಟ ಅದೇ, ಮಾತೂ ಅದೇ. ಬಸ್ಸಿನ ಬೋರ್ಡು ಮಾತ್ರ ಬೇರೆಯಾಯಿತು. ಅವರು ಯಾವ ಕೀಲಿಯನ್ನೂ ಒತ್ತಿರಲಿಲ್ಲ.

ಅಳಿಯ ಫೋನಿನಲ್ಲೇ ಹೇಳಿಕೊಟ್ಟು ಆ ಶಾರ್ಟ್‌ಕಟ್ಟು ತೆಗೆಸಿದ. ನೋಟೀಸು ಪ್ರೆಸ್ಸಿಗೆ ಹೋಯಿತು. ಇವತ್ತು ಬೆಳಗ್ಗೆ ಒಂದು ಅರ್ಜಿ ಮಲಯಾಳದಲ್ಲೇ ಬೇಕಾಗಿದೆ. ಆಲ್ಟ್, ಶಿಫ್ಟ್ ಒಟ್ಟಿಗೆ ಒತ್ತಿದೆ. ಬಿಟ್ಟೆ. ಹೆಬ್ಬೆರಳನ್ನು ಮೊದಲಿನ ಹಾಗೆ ಒರಗಿಸಿಯೂ ನೋಡಿದೆ. ಚಾ ಕೂಡ ತರಿಸಿದೆ.

ಕನ್ನಡವೇ ಬರುತ್ತಾ ಉಂಟು.