ವಶೀಲಿಯಿಲ್ಲದವರ ವಕಾಲತ್ತು

ವಶೀಲಿ ಎಂದರೇನೆಂದು ಕನ್ನಡಿಗರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ತಾಲ್ಲೂಕು ಕಚೇರಿಯಲ್ಲಿ ಭಾವಮೈದುನನ ಸ್ನೇಹಿತನೊಬ್ಬನಿದ್ದರೆ ಪಿಂಚಣಿ ಅರ್ಜಿ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ಮೇಜಿನ ಮೇಲೆಯೇ ಇರುತ್ತದೆ ಎಂಬುದು ನಾವು ಹುಟ್ಟಿನಿಂದ ಬಲ್ಲ ಲೋಕಜ್ಞಾನ. ಆದರೆ ಪರಿಚಯವಿಲ್ಲದ ಒಬ್ಬರು, ನಮ್ಮಿಂದ ಏನನ್ನೂ ಬಯಸದೆ, ನಮಗೆ ಕಾನೂನಿನಲ್ಲಿ ಏನು ಸಿಗಬೇಕೆಂದು ತಿಳಿಸಿ, ಅದು ಸಿಗುವವರೆಗೆ ನಮ್ಮ ಪಕ್ಕದಲ್ಲಿ ನಿಲ್ಲುವುದಕ್ಕೆ ದಿನಬಳಕೆಯ ಕನ್ನಡದಲ್ಲಿ ಒಂದು ಸರಿಯಾದ ಮಾತಿಲ್ಲ. ವಕಾಲತ್ತು ಎಂಬುದು ಹತ್ತಿರ ಬರುತ್ತದೆ. ಅದೂ ಕೋರ್ಟಿನ ವಾಸನೆಯದು, ಫೀಸನ್ನು ನೆನಪಿಸುವಂಥದ್ದು. ಹತ್ತೊಂಬತ್ತು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ, ತಿಪಟೂರಿನ ಕಡೆಯ ಹಳ್ಳಿಯಲ್ಲಿ ಇನ್ನೂ ಅರ್ಧ ಸಂಸಾರವನ್ನು ಇಟ್ಟುಕೊಂಡಿರುವ ನನಗೆ, ಈ ಎರಡು ಮಾತುಗಳ ನಡುವಿನ ಅಂತರ ಅರ್ಥವಾದದ್ದು ಅಮ್ಮ ಸೊಂಟದ ಮೂಳೆ ಮುರಿದುಕೊಂಡ ವರ್ಷ.

ಶಸ್ತ್ರಚಿಕಿತ್ಸೆಯಾದ ಮೇಲೆ ಅಮ್ಮನನ್ನು, ಎದ್ದು ನಡೆಯುವುದನ್ನು ಮತ್ತೆ ಕಲಿಸುವ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದ್ದೆವು. ಹಸಿರು ಕಾರ್ಡು, ಅಂದರೆ ಕಾಯಂ ವಾಸದ ಪರವಾನಗಿ, ಪಡೆದು ಐದು ವರ್ಷ ಇಲ್ಲಿ ನೆಲೆಸಿದ ಮೇಲೆ ಅವರು ಹಣ ಕಟ್ಟಿ, ಹಿರಿಯರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ಆರೋಗ್ಯ ವಿಮೆ ಪಡೆದಿದ್ದರು. ಆಸ್ಪತ್ರೆಯಲ್ಲಿ ಕನಿಷ್ಠ ಮೂರು ದಿನ ಒಳರೋಗಿಯಾಗಿದ್ದು ಬಂದವರಿಗೆ ಅಂಥ ಕೇಂದ್ರದಲ್ಲಿ ನುರಿತ ಆರೈಕೆ ಬೇಕಾದರೆ ಆ ವಿಮೆ 100 ದಿನಗಳವರೆಗೆ ನೆರವಾಗುತ್ತದೆ; ಮೊದಲ 20 ದಿನಗಳ ಖರ್ಚನ್ನು ಪೂರ್ತಿ ಭರಿಸುತ್ತದೆ. ಹದಿನಾಲ್ಕನೆಯ ದಿನ ಅಲ್ಲಿನ ಸಿಬ್ಬಂದಿಯೊಬ್ಬರು ಬಂದು, ಅಮ್ಮನಲ್ಲಿ ಹೆಚ್ಚಿನ ಸುಧಾರಣೆ ಕಾಣುತ್ತಿಲ್ಲವಾದ್ದರಿಂದ ವಿಮೆ ಶುಕ್ರವಾರಕ್ಕೆ ನಿಲ್ಲುತ್ತದೆ, ಮನೆಗೆ ಕರೆದುಕೊಂಡು ಹೋಗಿ ಎಂದು ಒಂದು ಕಾಗದಕ್ಕೆ ಸಹಿ ಕೇಳಿದರು. ನಾನು ಸಹಿ ಹಾಕಿದೆ. ಎರಡು ಪದವಿ ಪಡೆದವನು, ದಿನವೂ ಒಪ್ಪಂದದ ಕಾಗದಗಳನ್ನು ಓದುವ ಕೆಲಸದಲ್ಲಿರುವವನು, ಆ ಹಾಳೆಯ ಎರಡನೆಯ ಪುಟವನ್ನು ತಿರುವಿಯೂ ನೋಡಲಿಲ್ಲ.

ಊಟದ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಭಿತ್ತಿಪತ್ರವಿತ್ತು. ಇಲ್ಲಿನ ಪ್ರತಿ ಆರೈಕೆ ಕೇಂದ್ರವೂ ಅದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಲೇಬೇಕೆಂಬ ನಿಯಮವಿದೆ. ಅದರಲ್ಲಿ ಓಂಬುಡ್ಸ್‌ಮನ್‌ರ, ಅಂದರೆ ಕೇಂದ್ರದಲ್ಲಿರುವವರ ದೂರು ಕೇಳಿ ಅವರ ಪರವಾಗಿ ನಿಲ್ಲುವವರ, ದೂರವಾಣಿ ಸಂಖ್ಯೆಯಿರುತ್ತದೆ. 1965ರ ಹಿರಿಯ ಅಮೆರಿಕನ್ನರ ಕಾಯ್ದೆಗೆ 1978ರಲ್ಲಿ ಮಾಡಿದ ತಿದ್ದುಪಡಿಯಂತೆ ಪ್ರತಿ ರಾಜ್ಯವೂ ಈ ವ್ಯವಸ್ಥೆಯನ್ನು ಇಟ್ಟಿರಲೇಬೇಕು. ನಾನು ಕರೆ ಮಾಡಿದ ಮರುದಿನ ಬಂದವರು ನಿವೃತ್ತ ಶಿಕ್ಷಕಿಯೊಬ್ಬರು. ತರಬೇತಿ ಪಡೆದು ಸಂಬಳವಿಲ್ಲದೆ ಈ ಕೆಲಸ ಮಾಡುವವರು. ಅವರು ನನಗೆ ನಮಸ್ಕಾರ ಹೇಳಿ, ಕುರ್ಚಿಯನ್ನು ಅಮ್ಮನ ಕಡೆಗೆ ತಿರುಗಿಸಿಕೊಂಡು, ಫೋನಿನಲ್ಲಿ ಕನ್ನಡ ದುಭಾಷಿಯೊಬ್ಬರನ್ನು ಕರೆಸಿ, ನನ್ನನ್ನು ಸ್ವಲ್ಪ ಹೊತ್ತು ಹೊರಗಿರಲು ಕೇಳಿದರು. ನಿಜ ಹೇಳಬೇಕೆಂದರೆ ನನಗೆ ಕೋಪ ಬಂತು. ಆದರೆ ಅವರ ನಿಯಮ ಹಾಗಿದೆ: ದೂರು ಅಲ್ಲಿರುವವರದು, ಅವರ ಒಪ್ಪಿಗೆಯಿಲ್ಲದೆ ಅದನ್ನು ಮಗನಿಗೂ ಹೇಳುವಂತಿಲ್ಲ, ಕೇಂದ್ರದವರಿಗೂ ಹೇಳುವಂತಿಲ್ಲ. ಅಮ್ಮನಿಗೆ ಮಾತ್ರ ಬಹಳ ಸಂತೋಷವಾಗಿತ್ತು. ದುಭಾಷಿ ಹೆಂಗಸನ್ನು "ನಿಮ್ಮದು ಯಾವ ಊರಮ್ಮಾ?" ಎಂದು ಎರಡು ಸಲ ಕೇಳಿದರಂತೆ, ಉತ್ತರಿಸಲು ಆಕೆಗೆ ಅನುಮತಿಯಿಲ್ಲದ್ದರಿಂದ ಅದೊಂದು ಮಾತ್ರ ಬಗೆಹರಿಯಲಿಲ್ಲ.

ಉಳಿದದ್ದು ಬಗೆಹರಿಯಿತು. ನಾನು ಸಹಿ ಹಾಕಿದ್ದು ಸೂಚನೆ ತಲುಪಿದೆ ಎಂಬುದಕ್ಕೆ ಮಾತ್ರ, ನಿರ್ಧಾರಕ್ಕೆ ಒಪ್ಪಿದ್ದಕ್ಕಲ್ಲ. ವಿಮೆ ನಿಲ್ಲುವ ಹಿಂದಿನ ದಿನ ಮಧ್ಯಾಹ್ನದೊಳಗೆ ಫೋನ್ ಮಾಡಿದರೆ ಸ್ವತಂತ್ರ ಸಂಸ್ಥೆಯೊಂದು ಕಡತವನ್ನು ತುರ್ತಾಗಿ ಮರುಪರಿಶೀಲಿಸಬೇಕು ಎಂಬುದು ಆ ಎರಡನೆಯ ಪುಟದಲ್ಲಿತ್ತು. ಇದಕ್ಕಿಂತ ಮುಖ್ಯವಾದದ್ದು, ಸುಧಾರಣೆ ಕಾಣದಿರುವುದು ಚಿಕಿತ್ಸೆ ನಿಲ್ಲಿಸಲು ತಕ್ಕ ಕಾರಣವಲ್ಲ, ಇರುವ ಶಕ್ತಿಯನ್ನು ಉಳಿಸಿಕೊಳ್ಳಲು ನುರಿತ ಆರೈಕೆ ಬೇಕಾದರೂ ವಿಮೆ ಸಲ್ಲಬೇಕು ಎಂಬುದು ಸರ್ಕಾರದ ವಿರುದ್ಧ ಹೂಡಿದ್ದ ಜಿಮ್ಮೋ ಎಂಬ ಮೊಕದ್ದಮೆಯ 2013ರ ರಾಜಿಯಲ್ಲಿ ಸರ್ಕಾರವೇ ಒಪ್ಪಿಕೊಂಡ ಮಾತು. ಮೆಡಿಕೇರ್ ವಿಷಯದಲ್ಲಿ ಉಚಿತ ಸಲಹೆ ಕೊಡಲೆಂದೇ ಕ್ಯಾಲಿಫೋರ್ನಿಯಾದಲ್ಲಿ ಹೈಕ್ಯಾಪ್ ಎಂಬ ಏರ್ಪಾಡಿದೆ. ಅಲ್ಲಿನ ಸಲಹೆಗಾರರು ಈ ವಾಕ್ಯವನ್ನು ನಮಗೆ ಹೇಳಿಕೊಟ್ಟರು, ಮರುಪರಿಶೀಲಿಸುವ ಸಂಸ್ಥೆಗೆ ಫೋನ್ ಮಾಡಿ ನಾವು ಅದನ್ನೇ ಹೇಳಿದೆವು. ಅಮ್ಮನಿಗೆ ಇನ್ನೂ ಹದಿನಾರು ದಿನಗಳ ಚಿಕಿತ್ಸೆ ದೊರೆಯಿತು. ವಾಕರ್ ಹಿಡಿದು ಮನೆಯ ಮೆಟ್ಟಿಲನ್ನು ಅವರೇ ಹತ್ತಿದರು.

ಇದೆಲ್ಲ ಅಮೆರಿಕದ ಔದಾರ್ಯ ಎಂದು ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲವೆಂದು ಗೊತ್ತಾಗಬೇಕಾದರೆ ನಮ್ಮ ಮನೆಯಿಂದ ರೈಲಿನಲ್ಲಿ ಹೋಗಬಹುದಾದ ಬರ್ಕ್ಲಿಯ ಕಥೆಯನ್ನು ಕೇಳಬೇಕು. ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿ ಕುತ್ತಿಗೆಯಿಂದ ಕೆಳಗೆ ಬಹುತೇಕ ಸ್ವಾಧೀನ ಕಳೆದುಕೊಂಡ ಎಡ್ ರಾಬರ್ಟ್ಸ್ 1962ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಿದಾಗ, ಅವರ ಉಸಿರಾಟದ ಉಕ್ಕಿನ ಯಂತ್ರವನ್ನು ಇಡಲು ಹಾಸ್ಟೆಲಿನಲ್ಲಿ ಅನುಕೂಲವಿಲ್ಲದೆ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲೇ ವಾಸಕ್ಕೆ ಕೊಠಡಿ ಕೊಟ್ಟರು. ಈತ ಎಂದೂ ದುಡಿಯಲಾರ ಎಂದು ರಾಜ್ಯದ ಪುನರ್ವಸತಿ ಇಲಾಖೆ ಮೊದಲು ನೆರವು ನಿರಾಕರಿಸಿತ್ತು. 1975ರಲ್ಲಿ ಅದೇ ಇಲಾಖೆಗೆ ಅವರು ನಿರ್ದೇಶಕರಾದರು. ನಡುವೆ, 1972ರಲ್ಲಿ, ಅವರೂ ಅವರ ಗೆಳೆಯರೂ ಸೇರಿ ಕಟ್ಟಿದ್ದು ಸ್ವತಂತ್ರ ಬದುಕಿನ ಕೇಂದ್ರ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಮನೆ ಹುಡುಕುವುದು, ಸಹಾಯಕರನ್ನು ಗೊತ್ತುಮಾಡಿಕೊಳ್ಳುವುದು, ಸೌಲಭ್ಯದ ಅರ್ಜಿ ಬರೆಯುವುದು, ತಿರಸ್ಕೃತವಾದರೆ ಮೇಲ್ಮನವಿ ಹಾಕುವುದು, ಇವೆಲ್ಲವನ್ನೂ ಗಾಲಿಕುರ್ಚಿಯಲ್ಲಿ ಕುಳಿತವರೇ ಕಲಿಸುವ ಜಾಗ ಅದು. ಇಂದು ಆ ಮಾದರಿಯ ಕೇಂದ್ರಗಳು ದೇಶದಾದ್ಯಂತ ಇವೆ. ಅವುಗಳ ಆಡಳಿತ ಮಂಡಳಿಯಲ್ಲೂ ಸಿಬ್ಬಂದಿಯಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಅಂಗವಿಕಲರೇ ಆಗಿರಬೇಕು, ಮಾಹಿತಿ ನೀಡುವುದೂ ಪರವಾಗಿ ವಾದಿಸುವುದೂ ಅವುಗಳ ಮೂಲ ಸೇವೆಗಳಲ್ಲಿ ಸೇರಿರಬೇಕು ಎಂದು ಕಾನೂನೇ ಹೇಳುತ್ತದೆ.

ಆ ಕಾನೂನುಗಳೂ ಕೇಳಿದೊಡನೆ ಬಂದವಲ್ಲ. ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಅಂಗವಿಕಲರನ್ನು ಹೊರಗಿಡಬಾರದೆಂಬ, ಪುನರ್ವಸತಿ ಕಾಯ್ದೆಯ 504ನೇ ಕಲಂ 1973ರಲ್ಲೇ ಅಂಗೀಕಾರವಾಗಿದ್ದರೂ ಅದರ ನಿಯಮಾವಳಿಗೆ ಸಹಿ ಬೀಳದೆ ನಾಲ್ಕು ವರ್ಷ ಕಳೆಯಿತು. 1977ರ ಏಪ್ರಿಲ್ 5ರಂದು ಸ್ಯಾನ್ ಫ್ರಾನ್ಸಿಸ್ಕೋದ ಒಕ್ಕೂಟ ಸರ್ಕಾರದ ಕಚೇರಿಗೆ ಹೊಕ್ಕ ಸುಮಾರು 150 ಮಂದಿ ಮೂರು ವಾರಗಳಿಗೂ ಮೀರಿ ಅಲ್ಲೇ ಧರಣಿ ಕೂತರು. ಫೋನ್ ತಂತಿ ಕಡಿದಾಗ ಕಿವುಡರು ಕಿಟಕಿಯಲ್ಲಿ ನಿಂತು ಕೈಸನ್ನೆಯಲ್ಲಿ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಊಟ ತಂದುಕೊಟ್ಟರು. ಅದೇ ತಿಂಗಳ 28ರಂದು ಸಹಿ ಬಿತ್ತು. ಆ ಭಿತ್ತಿಪತ್ರ ನಮ್ಮ ಅಮ್ಮನ ಊಟದ ಕೋಣೆಯ ಗೋಡೆಗೆ ಬಂದದ್ದರ ಹಿಂದೆ ಇಂಥದೊಂದು ಪೀಳಿಗೆಯ ಜಗಳವಿದೆ.

ಈಗ ಊರಿನ ಮಾತು. ನನ್ನ ಸೋದರಮಾವನಿಗೆ ಎಪ್ಪತ್ತೆರಡು ವರ್ಷ. ಸಕ್ಕರೆ ಕಾಯಿಲೆಯಿಂದ ಒಂದು ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಅಂಗವೈಕಲ್ಯದ ಪ್ರಮಾಣಪತ್ರಕ್ಕೂ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೂ ಒಂದು ಸರ್ಕಾರಿ ಆಸ್ಪತ್ರೆಗೆ ಮೂರು ಸಲ ಹೋಗಿಬಂದರು. ಒಂದು ಸಲ ವೈದ್ಯರು ರಜೆ, ಇನ್ನೊಂದು ಸಲ ಆಧಾರಿನಲ್ಲಿ ಹೆಸರಿನ ಅಕ್ಷರ ಬೇರೆ, ಮೂರನೆಯ ಸಲ ಇದು ಇಲ್ಲಿ ಅಲ್ಲ ಎಂಬ ಉತ್ತರ. ಇಲ್ಲದ ಕಾಲನ್ನು ತೋರಿಸಲು ಇರುವ ಕಾಲಿನಲ್ಲಿ ಎಷ್ಟು ಸಲ ಬರಬೇಕೋ ಎಂದು ಅವರೇ ನಕ್ಕರು. ಗೇಟಿನ ಹೊರಗೆ ಒಬ್ಬಾತ ಹಣ ಕೊಟ್ಟರೆ ವಾರದಲ್ಲಿ ಮಾಡಿಸಿಕೊಡುವೆನೆಂದನಂತೆ. ನಾನೂ ಇಲ್ಲಿಂದ ಹಳೆಯ ಸಹಪಾಠಿಯೊಬ್ಬನ ವಶೀಲಿ ಹುಡುಕತೊಡಗಿದ್ದೆ. ಬರ್ಕ್ಲಿಯ ಕಥೆಯನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗುವವನ ಕೈ, ತನ್ನ ಮನೆಯ ಪ್ರಶ್ನೆ ಬಂದೊಡನೆ ಫೋನಿನಲ್ಲಿ ಆ ಹೆಸರನ್ನೇ ಹುಡುಕಿತು.

ಕೆಲಸ ಮಾಡಿಸಿದವರು ನಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯು., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಂಥ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ, ಅವರೂ ಅಂಗವಿಕಲರೇ. ಬರ್ಕ್ಲಿಯಲ್ಲಿ ಕಂಡ ಆ ತತ್ವ, ಬಲ್ಲವರು ಅನುಭವಿಸಿದವರೇ ಎಂಬುದು, ನಮ್ಮ ಸರ್ಕಾರದ ಏರ್ಪಾಡಿನಲ್ಲಿಯೂ ಇದೆಯೆಂದು ನನಗೆ ಅಷ್ಟು ವರ್ಷ ತಿಳಿದಿರಲಿಲ್ಲ. ಅವರು ಮೂರು ಗಾಲಿಯ ಸ್ಕೂಟರಿನಲ್ಲಿ ಮನೆಯ ಬಾಗಿಲಿಗೇ ಬಂದರು, ಕಾಫಿ ಕುಡಿದರು, ಕಾಗದಗಳನ್ನು ಜೋಡಿಸಿಕೊಂಡು ಮಾವನ ಜೊತೆ ತಾವೇ ಹೋದರು, ಹಾಗೆಯೇ ಮಾವನ ಮನೆಯ ಹಿಂದಿನ ಬೀದಿಯಲ್ಲಿ ಶಾಲೆ ಬಿಟ್ಟಿದ್ದ ಕಿವುಡ ಹುಡುಗಿಯ ವಿಷಯವನ್ನೂ ಬರೆದುಕೊಂಡರು. ಅಮೆರಿಕದಲ್ಲಿ ಹೀಗೆ ಯಾರೂ ತಾವಾಗಿ ಬಾಗಿಲಿಗೆ ಬರುವುದಿಲ್ಲ. ಇಲ್ಲಿ ಮೊದಲು ಫೋನ್ ಮಾಡಬೇಕು, ಒಂದು ಒತ್ತಿ ಎರಡು ಒತ್ತಿ ಎಂಬ ಯಂತ್ರದ ಮಾತು ಕೇಳಬೇಕು, ಕೆಲವು ಸೇವೆಗಳಿಗೆ ಸರದಿಯಲ್ಲಿ ತಿಂಗಳುಗಟ್ಟಲೆ ಕಾಯಬೇಕು. "ಇಲ್ಲಿ ಕಾಗದ ಎಲ್ಲಾ ಬರ್ತವೆ ಕಣೋ, ಮನುಷ್ಯರೇ ಬರಲ್ಲ" ಎಂದು ಅಮ್ಮ ಹೇಳುವುದು ಸುಳ್ಳಲ್ಲ.

ಆದರೆ ನಮ್ಮ ವಿ.ಆರ್.ಡಬ್ಲ್ಯು. ಗೌರವಧನದ ಮೇಲೆ ದುಡಿಯುವವರು. ಇವರ ಸಂಘಟನೆಗಳು ಸೇವಾ ಭದ್ರತೆಗಾಗಿ ಬೆಂಗಳೂರಿಗೆ ಬಂದು ಪ್ರತಿಭಟಿಸಿದ್ದುಂಟು. ಯಾವ ಕಚೇರಿಯ ವಿರುದ್ಧ ಅಂಗವಿಕಲರ ಪರವಾಗಿ ಮಾತಾಡಬೇಕೋ ಆ ಕಚೇರಿಯ ಅಧಿಕಾರಿಗಳ ಕೈಕೆಳಗೇ ಇರುವವರಿಗೆ ಗಟ್ಟಿಯಾಗಿ ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು? ಅಮ್ಮನ ಬಳಿ ಬಂದ ನಿವೃತ್ತ ಶಿಕ್ಷಕಿಗೆ ಆ ಆರೈಕೆ ಕೇಂದ್ರದ ಹಂಗಿರಲಿಲ್ಲ. ನನ್ನ ಲೆಕ್ಕದಲ್ಲಿ ಎರಡು ಪದ್ಧತಿಗಳ ನಡುವಿನ ನಿಜವಾದ ವ್ಯತ್ಯಾಸ ಇದೊಂದೇ, ಹಣದ್ದು ಆಮೇಲಿನದು.

ಕಾನೂನಿನಲ್ಲಿ ನಾವು ಹಿಂದೆ ಬಿದ್ದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಳೆಯ ಏಳು ಬಗೆಯ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಅದರಡಿ ದೂರು ವಿಚಾರಿಸುವ ರಾಜ್ಯ ಆಯುಕ್ತರಿಗೆ ಸಾಕ್ಷಿಗಳನ್ನು ಕರೆಸುವಲ್ಲಿ, ದಾಖಲೆ ತರಿಸುವಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಕಾನೂನು ಸೇವೆಗಳ ಕಾಯ್ದೆಯಂತೆ ಅಂಗವಿಕಲರಿಗೆ ಉಚಿತ ವಕೀಲರನ್ನು ಪಡೆಯಲು ಆದಾಯದ ಮಿತಿಯಿಲ್ಲ. ಹಿರಿಯರಿಗೆ 2007ರ ಪಾಲನೆ ಪೋಷಣೆಯ ಕಾಯ್ದೆಯಿದೆ. ಮಕ್ಕಳು ಕೈಬಿಟ್ಟ ತಂದೆತಾಯಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದೆಂಬುದು ಹಲವರಿಗೆ ಗೊತ್ತು. ಅದೇ ಕಾಯ್ದೆಯ 18ನೇ ಕಲಮಿನಂತೆ, ತಂದೆತಾಯಿ ಬಯಸಿದರೆ ಅವರ ಪರವಾಗಿ ಮಂಡಳಿಯ ಮುಂದೆ ನಿಲ್ಲಲು ಸರ್ಕಾರವೇ ಒಬ್ಬ ಪೋಷಣಾಧಿಕಾರಿಯನ್ನು ಗೊತ್ತುಮಾಡಬೇಕು. ನಾನು ಹುಡುಕುತ್ತಿದ್ದ ವಕಾಲತ್ತು ನಮ್ಮ ಕಾನೂನಿನಲ್ಲೇ ಅಚ್ಚಾಗಿದೆ, ಆದರೆ ಊರಿನಲ್ಲಿ ನಾನು ಕೇಳಿದ ಹಿರಿಯರಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ. 23ನೇ ಕಲಂ ಕೂಡ ಹಾಗೆಯೇ: ಆಸ್ತಿ ಪಡೆದ ಮಗ ನೋಡಿಕೊಳ್ಳದಿದ್ದರೆ ದಾನಪತ್ರ ರದ್ದಾಗುತ್ತದೆ ಎಂದು ಅರಳಿಕಟ್ಟೆಯಲ್ಲಿ ಎಲ್ಲರೂ ಹೇಳುತ್ತಾರೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟಿದ್ದರೆ ಮಾತ್ರ ಅದು ಅನ್ವಯಿಸುತ್ತದೆ, ಆದ್ದರಿಂದ ಆ ಷರತ್ತನ್ನು ಪತ್ರದಲ್ಲೇ ಬರೆಸಬೇಕು ಎಂಬುದನ್ನು ಹೇಳುವವರಿಲ್ಲ.

ಕೇಳುವುದಕ್ಕೇ ನಮಗಿರುವ ಸಂಕೋಚವೂ ಇದರಲ್ಲಿ ಸೇರಿದೆ, ಅದು ವಿಮಾನ ಹತ್ತಿ ನಮ್ಮ ಜೊತೆ ಇಲ್ಲಿಗೂ ಬಂದಿದೆ. ಇಲ್ಲಿನ ಕನ್ನಡ ಕೂಟದ ಯುಗಾದಿಯಲ್ಲಿ ಗೆಳೆಯರೊಬ್ಬರಿಗೆ, ಅವರ ಬುದ್ಧಿಮಾಂದ್ಯ ಮಗನಿಗೆ, ಅಂಥವರಿಗೆ ಸೇವೆ ಒದಗಿಸಲೆಂದೇ ಇರುವ ರಾಜ್ಯದ ಪ್ರಾದೇಶಿಕ ಕೇಂದ್ರದಿಂದ ನೆರವು ದೊರೆಯಬಹುದೆಂದು ಹೇಳಿದಾಗ, ನಮಗೇನು ಕಡಿಮೆಯಾಗಿದೆ ಎಂದು ಅವರು ಮುಖ ತಿರುಗಿಸಿದರು. ಅವರು ಮತ್ತೆ ಮಾತಾಡಿದ್ದು ಎರಡು ವರ್ಷಗಳ ಮೇಲೆ, ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ. ಕೇಂದ್ರದ ವಿಳಾಸ ಕೇಳಿದರು.

ಕಳೆದ ಸಲ ಊರಿಗೆ ಹೋದಾಗ ಪಂಚಾಯಿತಿ ಕಟ್ಟಡದ ಗೋಡೆಯನ್ನು ಗಮನವಿಟ್ಟು ಓದಿದೆ. ಶೌಚಾಲಯದ ಘೋಷಣೆಯಿತ್ತು, ಉದ್ಯೋಗ ಖಾತರಿಯ ಕೂಲಿ ದರವಿತ್ತು. ಹಿರಿಯರ ಸಹಾಯವಾಣಿ 14567, ಉಚಿತ ಕಾನೂನು ನೆರವಿನ 15100, ನಮ್ಮ ವಿ.ಆರ್.ಡಬ್ಲ್ಯು. ಅವರ ಹೆಸರು, ಯಾವುದೂ ಇರಲಿಲ್ಲ. ಬಣ್ಣದ ಖರ್ಚು ನಾನು ಕೊಡುತ್ತೇನೆಂದೆ. ಗೋಡೆ ಬರಹಕ್ಕೆ ಮೇಲಿನಿಂದ ಆದೇಶ ಬರಬೇಕು, ನೋಡೋಣ ಎಂದರು. ವಿ.ಆರ್.ಡಬ್ಲ್ಯು. ಅವರು ನಕ್ಕು ನನ್ನನ್ನು ಬಸ್ ನಿಲ್ದಾಣದ ಬಳಿಯ ವಿದ್ಯುತ್ ಕಂಬದ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಸೀಮೆಸುಣ್ಣದಲ್ಲಿ, ಸ್ಕೂಟರಿನ ಮೇಲೆ ಕುಳಿತ ಎತ್ತರಕ್ಕೆ, ಅವರ ಮೊಬೈಲ್ ಸಂಖ್ಯೆಯಿತ್ತು. ಮಳೆ ಬಂದಾಗ ಅಳಿಸಿಹೋಗುತ್ತದಂತೆ. ಸೀಮೆಸುಣ್ಣವನ್ನು ಅವರು ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ.