ಟೆಂಡರ್‌ನಲ್ಲಿ ಬರೆಯದೆ ಉಳಿಯುವ ಪುಟಗಳು

ಸಾರ್ವಜನಿಕ ಆಸ್ಪತ್ರೆಗಳು ತಂತ್ರಜ್ಞಾನವನ್ನು ಕೊಳ್ಳುವ ರೀತಿ ಕಳೆದ ಎರಡು ದಶಕಗಳಲ್ಲಿ ಬಹಳ ಬದಲಾಗಿದೆ. ಹಿಂದೆ ಎಕ್ಸ್‌ರೇ ಯಂತ್ರವೊಂದನ್ನು ಕೊಂಡರೆ ಅದು ಆಸ್ಪತ್ರೆಯ ಸ್ವತ್ತಾಗುತ್ತಿತ್ತು. ದಾಸ್ತಾನು ಪುಸ್ತಕದಲ್ಲಿ ತನ್ನದೊಂದು ಸಂಖ್ಯೆ ಪಡೆದು, ಸವೆದು ಹೋಗುವವರೆಗೆ ದುಡಿಯುತ್ತಿತ್ತು. ಈಗ ವರ್ಷಕ್ಕೊಮ್ಮೆ ನವೀಕರಿಸಬೇಕಾದ ತಂತ್ರಾಂಶದ ಪರವಾನಗಿ, ಬೇರೆಯವರ ಸರ್ವರ್‌ನಲ್ಲಿ ಉಳಿಯುವ ರೋಗಿಗಳ ದಾಖಲೆ, ಪರೀಕ್ಷೆಯೊಂದಕ್ಕೆ ಇಷ್ಟೆಂದು ಹಣ ಕಟ್ಟುವ ಪ್ರಯೋಗಾಲಯದ ಯಂತ್ರ, ಸ್ಕ್ಯಾನ್ ನೋಡಿ ಅಭಿಪ್ರಾಯ ಹೇಳುವ ಅಲ್ಗಾರಿದಮ್ ಎಲ್ಲವೂ ಖರೀದಿಯ ಪಟ್ಟಿಯಲ್ಲಿವೆ. ಪಟ್ಟಿ ಹೊಸದಾದರೂ ಖರೀದಿಯ ಕ್ರಮ ಬಹುಮಟ್ಟಿಗೆ ಹಳೆಯದೇ. ಟೆಂಡರ್ ದಾಖಲೆಯು ಖರೀದಿಯ ದಿನದ ಬೆಲೆಯನ್ನು ಪೈಸೆ ಬಿಡದೆ ಕೇಳುತ್ತದೆ. ಐದನೆಯ ವರ್ಷದಲ್ಲಿ ಬಿಡಿಭಾಗ ಎಲ್ಲಿಂದ ಬರುತ್ತದೆ, ಒಪ್ಪಂದ ಮುಗಿದ ದಿನ ರೋಗಿಗಳ ದಾಖಲೆ ಯಾವ ರೂಪದಲ್ಲಿ ಆಸ್ಪತ್ರೆಯ ಕೈ ಸೇರುತ್ತದೆ ಎಂಬುದನ್ನು ಒಂದೆರಡು ಸಾಲಿನಲ್ಲಿ ದಾಟಿಬಿಡುತ್ತದೆ. ನನ್ನ ತಕರಾರು ಇರುವುದು ಈ ಒಂದೆರಡು ಸಾಲಿನ ಬಗ್ಗೆಯೇ.

ಮೊದಲು ಯಂತ್ರಗಳ ಮಾತು. ಬಡ ದೇಶಗಳಿಗೆ ದಾನವಾಗಿ ಬರುವ ವೈದ್ಯಕೀಯ ಉಪಕರಣಗಳಲ್ಲಿ ಶೇ. 10ರಿಂದ 30ರಷ್ಟು ಮಾತ್ರ ಬಳಕೆಗೆ ಬರುತ್ತವೆ ಎಂಬ ಅಂದಾಜನ್ನು ವಿಶ್ವ ಆರೋಗ್ಯ ಸಂಸ್ಥೆಯೇ ತನ್ನ ಮಾರ್ಗದರ್ಶಿಯಲ್ಲಿ ಉಲ್ಲೇಖಿಸಿದೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು 16 ದೇಶಗಳ 1,12,000ಕ್ಕೂ ಹೆಚ್ಚು ಉಪಕರಣಗಳ ದಾಖಲೆಯನ್ನು ಪರಿಶೀಲಿಸಿ, ಅವುಗಳಲ್ಲಿ ಶೇ. 40ರ ಆಸುಪಾಸು ಕೆಲಸಕ್ಕೆ ಬಾರದ ಸ್ಥಿತಿಯಲ್ಲಿದ್ದವೆಂದು ಕಂಡುಕೊಂಡಿತು. ತರಬೇತಿ ಪಡೆದ ಸಿಬ್ಬಂದಿ ಇಲ್ಲದಿರುವುದು, ಬಿಡಿಭಾಗ ಸಿಗದಿರುವುದು, ವಿದ್ಯುತ್ತಿನ ಏರಿಳಿತ, ಕೈಪಿಡಿ ಜೊತೆಗೆ ಬಾರದಿರುವುದು: ಇವೆಲ್ಲ ಕೊಳ್ಳುವ ಅಥವಾ ಸ್ವೀಕರಿಸುವ ಹೊತ್ತಿನಲ್ಲೇ ಕೇಳಬಹುದಾಗಿದ್ದ ಪ್ರಶ್ನೆಗಳು. ಯಂತ್ರದ ಜೊತೆಗೆ ಅದನ್ನು ನೋಡಿಕೊಳ್ಳುವ ಬಯೋಮೆಡಿಕಲ್ ಎಂಜಿನಿಯರ್‌ಗೂ ಹಣ ತೆಗೆದಿಡದ ಖರೀದಿಯನ್ನು ನಾನು ಅರ್ಧ ಖರೀದಿ ಎಂದೇ ಕರೆಯುತ್ತೇನೆ.

ಪ್ರಯೋಗಾಲಯದಲ್ಲಿ ಇದೇ ಸಮಸ್ಯೆ ಬೇರೆ ವೇಷದಲ್ಲಿದೆ. ರಕ್ತಪರೀಕ್ಷೆಯ ಅನಲೈಸರ್ ಅನ್ನು ಕಂಪನಿ ಉಚಿತವಾಗಿ ತಂದಿಡುತ್ತದೆ. ಆದರೆ ಅದಕ್ಕೆ ಹಾಕುವ ರೀಏಜೆಂಟ್ ಎಂಬ ರಾಸಾಯನಿಕವನ್ನು ಅದೇ ಕಂಪನಿಯಿಂದ, ಒಪ್ಪಂದದ ಅವಧಿಯುದ್ದಕ್ಕೂ ಕೊಳ್ಳಬೇಕು. ಈ ಪದ್ಧತಿಯನ್ನು ನಾನು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. ಯಂತ್ರ ಕೆಟ್ಟರೆ ಕಂಪನಿಗೂ ನಷ್ಟವಾಗುವುದರಿಂದ ರಿಪೇರಿ ಬೇಗ ಆಗುತ್ತದೆ. ಆದರೆ ಹೋಲಿಸಬೇಕಾದದ್ದು ಪರೀಕ್ಷೆಯೊಂದಕ್ಕೆ ತಗಲುವ ಪೂರ್ತಿ ವೆಚ್ಚವನ್ನೇ ಹೊರತು ಯಂತ್ರದ ಮೇಲಿನ ಸೊನ್ನೆ ಬೆಲೆಯನ್ನಲ್ಲ.

ತಂತ್ರಾಂಶದ ಕಥೆ ಇನ್ನೂ ದೊಡ್ಡದು. ಇಂಗ್ಲೆಂಡ್ 2002ರಲ್ಲಿ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಗೆಂದು ರೋಗಿಗಳ ದಾಖಲೆಗಳನ್ನು ಗಣಕೀಕರಿಸುವ ಒಂದೇ ಮಹಾಯೋಜನೆಯನ್ನು ಕೈಗೆತ್ತಿಕೊಂಡಿತು. ದೇಶವನ್ನು ಐದು ವಲಯಗಳಾಗಿ ವಿಂಗಡಿಸಿ, ಬೆರಳೆಣಿಕೆಯ ಕಂಪನಿಗಳಿಗೆ ದೀರ್ಘಾವಧಿಯ ಗುತ್ತಿಗೆ ಕೊಡಲಾಯಿತು. ಒಪ್ಪಂದಗಳಿಗೆ ಬಹಳ ಅವಸರದಲ್ಲಿ ಸಹಿ ಬಿತ್ತು. ಆ ತಂತ್ರಾಂಶವನ್ನು ಬಳಸಬೇಕಾಗಿದ್ದ ವೈದ್ಯರು ಮತ್ತು ದಾದಿಯರ ಮಾತಿಗೆ ಜಾಗ ಸಿಕ್ಕಿದ್ದು ಕಡಿಮೆ. ಕೆಲವು ಕಂಪನಿಗಳು ನಡುವೆಯೇ ಹೊರಬಿದ್ದವು. 2011ರಲ್ಲಿ ಸರ್ಕಾರ ಯೋಜನೆಯನ್ನು ಕಳಚಿಹಾಕುವುದಾಗಿ ಪ್ರಕಟಿಸಿತು, ಆದರೆ ಒಪ್ಪಂದಗಳು ಅಷ್ಟು ಸುಲಭವಾಗಿ ಮುಗಿಯುವಂತಿರಲಿಲ್ಲ. 2013ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪತ್ರ ಸಮಿತಿಯ ಮುಂದಿದ್ದ ವೆಚ್ಚದ ಅಂದಾಜು 980 ಕೋಟಿ ಪೌಂಡ್. ಯೋಜನೆ ನಿಂತರೂ ಖರ್ಚಿನ ಬಿಲ್ ನಿಲ್ಲದ ಈ ಸ್ಥಿತಿಗೆ ಕಾರಣ, ಬಿಟ್ಟು ಹೊರಡುವ ದಾರಿಯನ್ನು ಸಹಿ ಹಾಕುವ ಮೊದಲೇ ಸರಿಯಾಗಿ ಯೋಚಿಸದಿದ್ದದ್ದು ಎಂದು ನಾನು ನಂಬುತ್ತೇನೆ.

ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಅನುಭವ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಆ ಇಲಾಖೆಯ ಬಳಿ ವಿಸ್ಟಾ ಎಂಬ ದಾಖಲೆ ವ್ಯವಸ್ಥೆಯಿತ್ತು. 1970ರ ದಶಕದ ಕೊನೆಯಿಂದ ಅದನ್ನು ಕಟ್ಟಿ ಬೆಳೆಸಿದವರು ಇಲಾಖೆಯದೇ ಪ್ರೋಗ್ರಾಮರ್‌ಗಳು ಮತ್ತು ವೈದ್ಯರು. ಹಳತಾದ ಅದರ ಜಾಗಕ್ಕೆ ಹೊರಗಿನ ವಾಣಿಜ್ಯ ತಂತ್ರಾಂಶವನ್ನು ತರಲು 2018ರಲ್ಲಿ ಸುಮಾರು 1,000 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. 2020ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದ ಆಸ್ಪತ್ರೆಯಲ್ಲಿ ಅದು ಮೊದಲು ಜಾರಿಗೆ ಬಂತು. ವೈದ್ಯರು ಬರೆದ ತಪಾಸಣೆ ಮತ್ತು ಚಿಕಿತ್ಸೆಯ ಆದೇಶಗಳಲ್ಲಿ, ಎಲ್ಲಿಗೆ ಹೋಗಬೇಕೆಂದು ವ್ಯವಸ್ಥೆಗೆ ತಿಳಿಯದವು ಯಾರೂ ನೋಡದ ಒಂದು ಸರತಿಗೆ ಹೋಗಿ ಬೀಳುತ್ತಿದ್ದವು. ಹಾಗೆ ಬಿದ್ದ ಆದೇಶಗಳು 11,000ಕ್ಕೂ ಹೆಚ್ಚೆಂದೂ, ಅದರಿಂದ 149 ರೋಗಿಗಳಿಗೆ ಹಾನಿಯಾಯಿತೆಂದೂ ಇಲಾಖೆಯ ಮಹಾ ಪರಿವೀಕ್ಷಕರ 2022ರ ವರದಿ ಹೇಳಿತು. 2023ರ ಏಪ್ರಿಲ್‌ನಲ್ಲಿ ಉಳಿದ ಆಸ್ಪತ್ರೆಗಳಿಗೆ ಅದನ್ನು ವಿಸ್ತರಿಸುವ ಕೆಲಸ ನಿಂತಿತು. ತಂತ್ರಾಂಶದ ಖರೀದಿ ಕಚೇರಿಯ ವ್ಯವಹಾರವಷ್ಟೇ, ಚಿಕಿತ್ಸೆಗೂ ಅದಕ್ಕೂ ಸಂಬಂಧವಿಲ್ಲ ಎನ್ನುವವರ ಮುಂದೆ ನಾನು ಇಡುವುದು ಈ 149 ಎಂಬ ಸಂಖ್ಯೆಯನ್ನು.

ಭದ್ರತೆಯೂ ಖರೀದಿಯದೇ ವಿಷಯ. 2017ರ ಮೇ 12ರಂದು ಹರಡಿದ, ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಎಂಬ ಸೈಬರ್ ದಾಳಿಯಿಂದ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ನಡೆಸುವ 236 ಟ್ರಸ್ಟ್‌ಗಳಲ್ಲಿ ಕನಿಷ್ಠ 81ಕ್ಕೆ ತೊಂದರೆಯಾಯಿತು. ಅಂದಾಜು 19,000 ರೋಗಿಗಳ ಭೇಟಿಗಳು ರದ್ದಾದವು. ದಾಳಿಗೆ ದಾರಿಯಾದ ತಂತ್ರಾಂಶದ ದೋಷವನ್ನು ಮುಚ್ಚುವ ದುರಸ್ತಿ, ಅಂದರೆ ಪ್ಯಾಚ್, ಎರಡು ತಿಂಗಳು ಮೊದಲೇ ಬಿಡುಗಡೆಯಾಗಿತ್ತು. ಹದಿನೈದು ವರ್ಷ ಬಾಳುವ ಸ್ಕ್ಯಾನರ್‌ನ ಒಳಗಿರುವ ಆಪರೇಟಿಂಗ್ ಸಿಸ್ಟಮ್‌ಗೆ ಅಷ್ಟೂ ವರ್ಷ ಪ್ಯಾಚ್ ಕೊಡುವ ಹೊಣೆ ಯಾರದ್ದೆಂದು ಒಪ್ಪಂದದಲ್ಲೇ ಬರೆದಿರಬೇಕು.

ಅತಿ ಕಡಿಮೆ ದರದವರಿಗೇ ಗುತ್ತಿಗೆ ಎಂಬ ನಿಯಮವನ್ನು ಸಮರ್ಥಿಸುವವರ ವಾದವನ್ನು ನಾನು ಗೌರವಿಸುತ್ತೇನೆ. ಗುಣಮಟ್ಟಕ್ಕೆ ಅಂಕ ಕೊಡುವ ಅಧಿಕಾರ ಅಧಿಕಾರಿಗಳ ಕೈಗೆ ಬಂದರೆ ಪಕ್ಷಪಾತಕ್ಕೂ ಲಂಚಕ್ಕೂ ಬಾಗಿಲು ತೆರೆಯುತ್ತದೆ ಎಂಬ ಭಯ ನಿಜವಾದದ್ದು. ಆದರೆ ಬಳಕೆಯ ಪೂರ್ತಿ ಅವಧಿಯ ವೆಚ್ಚವೂ ಒಂದು ಸಂಖ್ಯೆಯೇ. ನಿರ್ವಹಣೆ, ವಿದ್ಯುತ್, ರೀಏಜೆಂಟ್, ತರಬೇತಿ, ಕೊನೆಯಲ್ಲಿ ವಿಲೇವಾರಿ ಇವೆಲ್ಲವನ್ನು ಕೂಡಿಸುವ ಸೂತ್ರವನ್ನು ಟೆಂಡರ್ ಕರೆಯುವಾಗಲೇ ಪ್ರಕಟಿಸಿದರೆ ಮನಬಂದಂತೆ ಅಂಕ ಹಾಕಲು ಅವಕಾಶವಿರುವುದಿಲ್ಲ. ಯುರೋಪಿಯನ್ ಒಕ್ಕೂಟದ 2014ರ ಸಾರ್ವಜನಿಕ ಖರೀದಿ ನಿರ್ದೇಶನ ಇಂಥ ಲೆಕ್ಕಕ್ಕೆ ಕಾನೂನಿನಲ್ಲೇ ಜಾಗ ಕೊಟ್ಟಿದೆ. ಲಸಿಕೆಗಳನ್ನು ಕೊನೆಯವರೆಗೆ ತಂಪಾಗಿಡುವ ಶೀತಲ ಸರಪಳಿಗಾಗಿ, ಬಡ ದೇಶಗಳಿಗೆ ಲಸಿಕೆ ಒದಗಿಸಲು ನೆರವಾಗುವ ಗಾವಿ ಒಕ್ಕೂಟ 2015ರಲ್ಲಿ ಒಪ್ಪಿದ ಯೋಜನೆಯಲ್ಲೂ ರೆಫ್ರಿಜರೇಟರ್‌ನ ಜೊತೆಗೆ ಸಾಗಣೆ, ಅಳವಡಿಕೆ ಮತ್ತು ತರಬೇತಿಯನ್ನು ಸೇರಿಸಿಯೇ ಕೊಳ್ಳುವ ಕ್ರಮವಿದೆ.

ದಾಖಲೆಗಳ ವಿಷಯದಲ್ಲೂ ದಾರಿ ಇಲ್ಲದಿಲ್ಲ. ಮೊದಲ ಕಾಲದ ಸಿಟಿ ಸ್ಕ್ಯಾನರ್‌ಗಳು ಕೊಡುತ್ತಿದ್ದ ಚಿತ್ರಗಳನ್ನು ಅದೇ ತಯಾರಕರ ಉಪಕರಣದಲ್ಲಲ್ಲದೆ ಬೇರೆಡೆ ತೆರೆಯುವುದು ಬಹಳ ಕಷ್ಟವಾಗಿತ್ತು. 1983ರಲ್ಲಿ ಅಮೆರಿಕದ ವಿಕಿರಣ ತಜ್ಞರ ಸಂಘ ಮತ್ತು ತಯಾರಕರ ಸಂಘ ಒಟ್ಟಿಗೆ ಕುಳಿತು ಕೆಲಸ ಆರಂಭಿಸಿದ ಫಲವಾಗಿ 1985ರಲ್ಲಿ ಇಂಥ ಚಿತ್ರಗಳ ವಿನಿಮಯಕ್ಕೆ ಮೊದಲ ಮಾನದಂಡವೂ, 1993ರಲ್ಲಿ ಡೈಕಾಮ್ ಎಂಬ ಹೆಸರಿನ ಮಾನದಂಡವೂ ಬಂದವು. ಇಂದು ಒಂದು ಆಸ್ಪತ್ರೆಯ ಸ್ಕ್ಯಾನ್ ಇನ್ನೊಂದು ಆಸ್ಪತ್ರೆಯ ಪರದೆಯಲ್ಲಿ ತೆರೆದುಕೊಳ್ಳುತ್ತಿರುವುದು ಅಂದು ಕೊಳ್ಳುವವರು ಪಟ್ಟುಹಿಡಿದದ್ದರಿಂದ. ರೋಗಿಯ ಇಡೀ ಕಡತಕ್ಕೂ ಅದೇ ಹಟ ಬೇಕು.

ಈಗಿನ ಹೊಸ ಅವಸರ ಕೃತಕ ಬುದ್ಧಿಮತ್ತೆಯದು. ಸೋಂಕಿನಿಂದ ಜೀವಕ್ಕೇ ಅಪಾಯ ತರುವ ಸೆಪ್ಸಿಸ್ ಅನ್ನು ಮೊದಲೇ ಗುರುತಿಸುತ್ತದೆ ಎಂಬ ಭರವಸೆಯೊಂದಿಗೆ ಅಮೆರಿಕದ ನೂರಾರು ಆಸ್ಪತ್ರೆಗಳು ಬಳಸುತ್ತಿದ್ದ ಮಾದರಿಯೊಂದನ್ನು ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮದೇ ರೋಗಿಗಳ ದಾಖಲೆಯ ಮೇಲೆ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೆಪ್ಸಿಸ್ ಆದವರಲ್ಲಿ ಶೇ. 67ರಷ್ಟು ಮಂದಿಯನ್ನು ಅದು ಗುರುತಿಸಿರಲಿಲ್ಲ. ಕೊಳ್ಳುವ ಮೊದಲು ಪ್ರತಿ ಆಸ್ಪತ್ರೆಯೂ ಇಂಥ ಪರೀಕ್ಷೆಯನ್ನು ತನ್ನ ರೋಗಿಗಳ ಮೇಲೆ ನಡೆಸಬೇಕು, ಕೊಂಡ ಮೇಲೂ ವರ್ಷವರ್ಷ ನಡೆಸಬೇಕು, ಫಲಿತಾಂಶ ಕುಸಿದರೆ ಹಣ ತಡೆಹಿಡಿಯುವ ಹಕ್ಕು ಒಪ್ಪಂದದಲ್ಲಿರಬೇಕು.

ಇದೆಲ್ಲ ಆಗಬೇಕಾದರೆ ಖರೀದಿ ಸಮಿತಿಯಲ್ಲಿ ರಾತ್ರಿ ಪಾಳಿಯ ದಾದಿ, ಪ್ರಯೋಗಾಲಯದ ತಂತ್ರಜ್ಞ ಮತ್ತು ರಿಪೇರಿ ಮಾಡುವ ಎಂಜಿನಿಯರ್ ಮತ ಹಾಕುವ ಸದಸ್ಯರಾಗಿ ಕೂರಬೇಕು. ಜೊತೆಗೆ ನಾನು ಒಂದು ಪರೀಕ್ಷೆಯನ್ನು ಕಡ್ಡಾಯ ಮಾಡಬೇಕೆಂದು ಕೇಳುತ್ತೇನೆ: ಕೊನೆಯ ಸಹಿ ಬೀಳುವ ಮೊದಲು, ಬಿಡ್ಡುದಾರ ಕಂಪನಿಯು ನೂರು ಮಾದರಿ ರೋಗಿಗಳ ಪೂರ್ತಿ ದಾಖಲೆಯನ್ನು ತನ್ನ ವ್ಯವಸ್ಥೆಯಿಂದ ಹೊರತೆಗೆದು, ಪ್ರತಿಸ್ಪರ್ಧಿಯ ವ್ಯವಸ್ಥೆಯಲ್ಲಿ ಒಂದು ಔಷಧಿಯ ಹೆಸರೂ, ಒಂದು ಅಲರ್ಜಿಯ ಸೂಚನೆಯೂ ಕಳೆದುಹೋಗದಂತೆ ಸಮಿತಿಯ ಎದುರೇ ತೆರೆದು ತೋರಿಸಬೇಕು.