ಬೆಳ್ಳಂದೂರಿಗೆ ಬಂದ ಡ್ರ್ಯಾಗನ್

ಕಲ್ಪನಾಲೋಕದ ಯುದ್ಧಗಳಲ್ಲಿ ಎಲ್ಲವೂ ಸಲೀಸು. ಶತ್ರುಸೇನೆ ಕೋಟೆಗೆ ಮುತ್ತಿಗೆ ಹಾಕುತ್ತದೆ. ಒಳಗೆ ದವಸ ಮುಗಿಯುತ್ತಾ ಬರುತ್ತದೆ. ಇನ್ನೇನು ಬಾಗಿಲು ಮುರಿಯಿತು ಅನ್ನುವಾಗ ಮೋಡದಿಂದ ಡ್ರ್ಯಾಗನ್ ಇಳಿದು ಉಫ್ ಅನ್ನುತ್ತದೆ. ಗುಡಾರ, ಏಣಿ, ಕವಣೆಯಂತ್ರ ಎಲ್ಲ ಬೂದಿ. ಕಂದಕದಲ್ಲಿ ನೀರಿರುವುದರಿಂದ ಊರಿಗೆ ಕಿಡಿ ತಾಕುವುದಿಲ್ಲ.

ಈ ಸೌಲಭ್ಯ ಬೆಂಗಳೂರಿಗೆ 1791ರಲ್ಲಿ ಬೇಕಿತ್ತು. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಸೇನೆ ಮಾರ್ಚ್ 7ಕ್ಕೆ ಪೇಟೆ ಹಿಡಿಯಿತು, 21ರ ರಾತ್ರಿ ಕೋಟೆಗೆ ನುಗ್ಗಿತು. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಯಾವ ಡ್ರ್ಯಾಗನ್ನೂ ಬರಲಿಲ್ಲ. ಈಗ ಬಂದರೆ ಕಾಯಲು ಉಳಿದಿರುವುದು ಕೆ.ಆರ್. ಮಾರ್ಕೆಟ್ ಹತ್ತಿರದ ಒಂದು ತುಂಡು ಕೋಟೆ.

ಆದರೂ ಬಂತು ಅಂದುಕೊಳ್ಳಿ. ಶತ್ರುಗಳು ಬೆಳ್ಳಂದೂರು ಕೆರೆ ದಂಡೆಯಲ್ಲಿ ಬೀಡುಬಿಟ್ಟಿದ್ದಾರೆ. ಪಕ್ಕದಲ್ಲೇ ನೀರಿದೆ ಅಂತ ಜಾಗ ಆರಿಸಿದವನು ಊರಿಗೆ ಹೊಸಬ, ಪಾಪ. ಬೆಳಗ್ಗೆ ಎದ್ದು ನೋಡಿದರೆ ಗುಡಾರಗಳ ಮೇಲೆಲ್ಲ ಮೊಳದುದ್ದ ಬಿಳಿ ನೊರೆ. ಕುದುರೆಗಳು ಮೂತಿಗೆ ಮೆತ್ತಿದ ನೊರೆ ಒದರಲಾರದೆ ಸೀನುತ್ತಿವೆ. ಆ ದಾರಿಯಲ್ಲಿ ಬಂದ ಒಬ್ಬ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟಿನ ಗಾಜು ಒರೆಸಿಕೊಂಡ. "ಮುಟ್ಬೇಡಿ ಸಾರ್, ಮೈಯೆಲ್ಲಾ ತುರಿಕೆ ಬರುತ್ತೆ" ಅಂದವನೇ ಆಫೀಸಿಗೆ ಹೊರಟ. ಮುತ್ತಿಗೆ ಹಾಕಿರುವುದು ಅವನ ಗಮನಕ್ಕೇ ಬರಲಿಲ್ಲ.

ಡ್ರ್ಯಾಗನ್ ಗತ್ತಿನಿಂದ ಇಳಿಯಿತು. ಎದೆ ತುಂಬ ಉಸಿರೆಳೆಯಿತು. ಅಲ್ಲೇ ಎಡವಟ್ಟಾಯಿತು. ಮನೆಮನೆಯ ಸೋಪಿನ ನೀರು, ಕೊಳಚೆ, ಅದರಿಂದೆದ್ದ ಗ್ಯಾಸು ಎಲ್ಲ ಒಟ್ಟಿಗೆ ಒಳಗೆ ಹೋಗಿ ಕೆಮ್ಮು ಹತ್ತಿತು. ಬಾಯಿ ತೆರೆದು ಉಗುಳುವ ಮೊದಲೇ ಕೆರೆ ತಾನಾಗಿ ಧಗ್ ಅಂತು. 2015ರಲ್ಲಿ ಉರಿದ ಕೆರೆ, 2017ರಲ್ಲೂ ಉರಿದ ಕೆರೆ. ಅದಕ್ಕೆ ಡ್ರ್ಯಾಗನ್ನಿನ ಉಪಕಾರ ಯಾಕೆ?

2018ರ ಜನವರಿಯಲ್ಲಂತೂ ಈ ಕೆರೆಯ ಬೆಂಕಿ ಆರಿಸಲು ಸುಮಾರು 5,000 ಸೈನಿಕರು ಇಳಿಯಬೇಕಾಯಿತು. ಇದು ಕಥೆಯಲ್ಲ, ನಡೆದಿದ್ದು. ಬೇರೆ ಲೋಕದಲ್ಲಿ ಸೇನೆ ಓಡಿಸಲು ಬೆಂಕಿ, ನಮ್ಮಲ್ಲಿ ಬೆಂಕಿ ಓಡಿಸಲು ಸೇನೆ! ಸಂಪ್ರದಾಯ ಬಿಡಬಾರದಲ್ವಾ, ಮುತ್ತಿಗೆ ಹಾಕಲು ಬಂದವರೂ ಕತ್ತಿ ಕೆಳಗಿಟ್ಟು ಬಕೆಟ್ ಹಿಡಿದರು.

ಸಂಜೆ ಅಧಿಕಾರಿಗಳು ಬಂದರು. ಕೆರೆಗೆ ಬೆಂಕಿ ಬಿದ್ದೇ ಇಲ್ಲ, ಬಿದ್ದಿದ್ದು ದಂಡೆಯ ಹುಲ್ಲಿಗೆ ಅಂತ ಬರೆದೂ ಬರೆದೂ ಅವರಿಗೂ ಬೇಜಾರಾಗಿತ್ತು. ಡ್ರ್ಯಾಗನ್ ನೋಡಿ ಮುಖ ಅರಳಿತು. ಒಬ್ಬರು ಫೈಲ್ ಬಿಚ್ಚಿದರು.

"ಬೀಡಿ ಸೇದೋ ಅಭ್ಯಾಸ ಇದ್ಯೇನಪ್ಪಾ?"

"ಇಲ್ಲ ಸ್ವಾಮಿ. ನಾನು ಬೆಂಕಿ ಉಗುಳೇ ಇಲ್ಲ."

"ಉಗುಳೋದೂ ತಪ್ಪೇ. ಸಾರ್ವಜನಿಕ ಸ್ಥಳ."

ಕಿಡಿಗೇಡಿಗಳ ಕೃತ್ಯ ಅಂತ ವರದಿ ಸಿದ್ಧವಾಯಿತು.

ಅತ್ತ ಶತ್ರುರಾಜ ಊರಿನ ಕೀಲಿ ಕೇಳಿದ. ತಕ್ಷಣ ಕೊಟ್ಟರು. ಜೊತೆಗೊಂದು ಕಾಗದವನ್ನೂ ಇಟ್ಟರು. ಈ ಕೆರೆಯೂ ಸೇರಿ ಊರಿನ ಕೆಲವು ಕೆರೆಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿ, 500 ಕೋಟಿ ಠೇವಣಿ ಇಡಿ ಎಂದಿದ್ದ ಆದೇಶ. "ಊರು ಗೆದ್ದವರಿಗೇ ಕೆರೆ, ಬುದ್ಧಿ. ಇಲ್ಲೊಂದು ಸಹಿ ಹಾಕಿ."

ರಾತ್ರೋರಾತ್ರಿ ಸೇನೆ ಗುಡಾರ ಕಿತ್ತಿತು. ಡ್ರ್ಯಾಗನ್ ಮಾತ್ರ ಇಲ್ಲೇ ಇದೆ. ಜಾಮೀನಿಗೆ ಸ್ಥಳೀಯರಿಬ್ಬರು ಬೇಕಂತೆ, ಆಧಾರ್ ಜೆರಾಕ್ಸ್ ಸಮೇತ.